ಮದಗ ಗುಡಿಸಿದ ವರ್ಷ

ಜೀಪು ನಮ್ಮ ಗದ್ದೆಯ ತಿರುವಿನಲ್ಲಿ ಹೂತುಹೋಗಬಹುದಿತ್ತು. ಹೂತುಹೋಗದೆ ಬಂದರೂ ಅದರಿಂದ ಇಳಿದ ಸಾಹೇಬರು ಕೆರೆದಂಡೆಯ ಮೇಲೆ ಜಾರಿ ಬೀಳಬಹುದಿತ್ತು. ಬಿದ್ದರೆ ಅವರಿಗೆ ಉಡಲು ಅಪ್ಪಯ್ಯನ ಪಂಚೆ ಕೊಡಬೇಕಾಗಿ, ಯಾವ ಪಂಚೆ ಕೊಡುವುದೆಂದು ಅಬ್ಬಿಗೂ ಅಜ್ಜಿಗೂ ಅವರೆದುರೇ ಜಗಳ ಹತ್ತಬಹುದಿತ್ತು. ಸಾಹೇಬರು ಮೀನು ತಿನ್ನದವರಾಗಿದ್ದು ಬಂಗುಡೆ ಸಾರಿನ ಪರಿಮಳಕ್ಕೆ ಜಗಲಿಯಿಂದಲೇ ಹಿಂದೆ ತಿರುಗಬಹುದಿತ್ತು, ಅಥವಾ ಮೀನು ತಿನ್ನುವವರಾಗಿದ್ದು ನಾವು ಹೆದರಿಕೆಯಿಂದ ಮುಂದಿಟ್ಟ ಕುಂಬಳಕಾಯಿ ಹುಳಿಯನ್ನು ಕಂಡು ಮನಸ್ಸಿನಲ್ಲೇ ನೊಂದುಕೊಳ್ಳಬಹುದಿತ್ತು. ನೆರೆಮನೆಯ ಸಂಜೀವಣ್ಣನ ಎಮ್ಮೆಗಳು ಸರಿಯಾಗಿ ಆ ಹೊತ್ತಿಗೇ ನೀರಿಗಿಳಿಯಬಹುದಿತ್ತು. ದೀಪಾವಳಿಯಲ್ಲಿ ಉಳಿದ ಗರ್ನಾಲೊಂದನ್ನು ಯಾರಾದರೂ ಹೊಡೆಯಬಹುದಿತ್ತು. ಬಾತುಗಳು ಆ ಒಂದು ದಿನದ ಮಟ್ಟಿಗೆ ಪಕ್ಕದೂರಿಗೆ ನೆಂಟಸ್ತಿಕೆಗೆ ಹೋಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜಿ ಬಾಯಿ ಬಿಡಬಹುದಿತ್ತು.

ಇಷ್ಟನ್ನೂ ನಾನು ಸಾಹೇಬರು ಬರುವ ದಿನ ಬಚ್ಚಲಿನ ಒಲೆಗೆ ತೆಂಗಿನ ಸಿಪ್ಪೆ ತುರುಕುತ್ತ ಒಂದೇ ಬೆಳಿಗ್ಗೆ ಯೋಚಿಸಿ ಮುಗಿಸಿದ್ದೆ. ಆಗ ಆರನೇ ಕ್ಲಾಸು. ಈಗ ನಡುವಯಸ್ಸು ದಾಟುತ್ತಿದ್ದರೂ ಆ ವಿದ್ಯೆ ಕೈಬಿಟ್ಟಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬ್ರಹ್ಮಾವರದ ಬಸ್ಸಿನಿಂದ ಅರ್ಧದಾರಿಯಲ್ಲಿ ಇಳಿದು ಮನೆಗೆ ಓಡಿದವಳು ನಾನು. ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿಕೆಯಾಗಿತ್ತು. ಅಪ್ಪಯ್ಯನದು ರಿಪೇರಿ. ಅಬ್ಬಿಯದು ಗುಡಿಸುವುದು. ನಮ್ಮ ಕಡೆ ತಾಯಿಯನ್ನು ಅಬ್ಬಿ ಎನ್ನುತ್ತೇವೆ, ಅವಳ ಹೆಸರು ಗುಲಾಬಿ. ಅಪ್ಪಯ್ಯನ ತಾಯಿಯಾದ ಅಜ್ಜಿಯ ಕೆಲಸ, ಅಬ್ಬಿ ಮಾಡಿದ್ದು ಸರಿಯಿಲ್ಲವೆಂದು ಹೇಳುವುದು. ಉಳಿದದ್ದು ಚಿಂತೆ. ಅದನ್ನು ಯಾರೂ ಮುಟ್ಟದೆ ಬಿಟ್ಟಿದ್ದರಿಂದ ನಾನು ಎತ್ತಿಕೊಂಡೆ.

ಮನೆ ಇದ್ದದ್ದು ಬಾರ್ಕೂರಿನಿಂದ ತುಸು ಒಳಗೆ, ಮದಗಕ್ಕೆ ಬೆನ್ನು ಹಾಕಿಕೊಂಡು. ಮದಗವೆಂದರೆ ಕೆರೆ. ಹೊಳೆ ಹತ್ತಿರವೇ ಹರಿಯುತ್ತಿದ್ದರೂ ಬೇಸಗೆಯಲ್ಲಿ ಅದಕ್ಕೆ ಸಮುದ್ರದ ಉಪ್ಪು ಏರುತ್ತಿತ್ತು. ಮಳೆಗಾಲ ಕಳೆದ ಮೇಲಿನ ಸುಗ್ಗಿ ಬೆಳೆಗೂ, ನಮ್ಮೆಲ್ಲರ ಬಾವಿಯ ಒರತೆಗೂ ಮದಗದ ಸಿಹಿನೀರೇ ಗತಿ. ಮುಂದಿನ ಜಗಲಿ ಅಪ್ಪಯ್ಯನ ಆಸ್ಪತ್ರೆ. ಊರ ಪಂಪ್‌ಸೆಟ್ಟುಗಳೆಲ್ಲ ಅಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿದ್ದವು. ಬಂದವರು ಯಾವುದಾದರೊಂದು ಕಬ್ಬಿಣದ ತುಂಡನ್ನು ಸರಿಸಿ, ಗ್ರೀಸು ಇಲ್ಲದ ಜಾಗ ಹುಡುಕಿ ಕೂರಬೇಕು. ನಡುವಿನ ಕೋಣೆ ಅಜ್ಜಿಯದು. ಅಕ್ಕಿಮುಡಿಗಳಿಗೆ ಒರಗಿಸಿದ ಅವಳ ಮಂಚದಿಂದ ಅಡುಗೆಮನೆಯೂ ಜಗಲಿಯೂ ಒಟ್ಟಿಗೆ ಕಾಣುತ್ತಿತ್ತು, ಆ ಜಾಗವನ್ನು ಅವಳು ಸುಮ್ಮನೆ ಆರಿಸಿಕೊಂಡಿರಲಿಲ್ಲ. ಹಿಂದಿನ ಅಡುಗೆಮನೆ ಅಬ್ಬಿಯ ರಾಜ್ಯ. ಒಲೆಯ ಪಕ್ಕದ ಕಿಟಕಿ ತೆರೆದರೆ ಮದಗ. ಕೋಣೆಗೂ ಅಡುಗೆಮನೆಗೂ ನಡುವಿನ ಹೊಸಿಲಿನ ಮೇಲೆ ದಿನಾ ಯುದ್ಧ.

"ಗುಡ್ಸಿ ಗುಡ್ಸಿ ನೆಲ ತೆಳು ಮಾಡ್ದೆ, ಹೆಣೆ. ನಾಳೆ ಪಾತಾಳ ಕಾಂತ್," ಎಂದು ಅಜ್ಜಿ.

"ಪಾತಾಳ ಕಂಡ್ರೆ ಅದನ್ನೂ ಗುಡ್ಸ್ತೆ, ಅತ್ತೆ," ಎಂದು ಅಬ್ಬಿ.

ಅಂಗಳಕ್ಕೆ ಬೀಳುವ ಮಾವಿನೆಲೆ ನೆಲ ಮುಟ್ಟುವ ಮೊದಲೇ ಅಬ್ಬಿ ಅದನ್ನು ಹಿಡಿಯುತ್ತಾಳೆಂದು ಅಪ್ಪಯ್ಯ ಹೇಳುತ್ತಿದ್ದರು. ನೆಂಟರು ಬರುತ್ತಾರೆಂದರಂತೂ ಕೇಳುವುದೇ ಬೇಡ. ನಾವೆಲ್ಲ ಹಿತ್ತಿಲಲ್ಲಿ ನಿಂತೇ ಗಂಜಿ ಕುಡಿಯಬೇಕು; ಒಳಗೆ ಕಾಲಿಟ್ಟರೆ ಕಲೆಯಾಗುತ್ತದೆ. ನಮ್ಮ ಮನೆಗೆ ಹೆಚ್ಚು ಬರುತ್ತಿದ್ದವರು ಮುಂಬಯಿಯ ಹೋಟೆಲುಗಳಲ್ಲಿದ್ದ ಬಂಧುಗಳು. ವರ್ಷಕ್ಕೊಮ್ಮೆ ಬಂದು, ತಿಂದುಂಡು, ಗಲಾಟೆ ಮಾಡಿ, ಒಂದು ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಮಾಯ. ಮದಗದ ಹಕ್ಕಿಗಳನ್ನೂ ಅಜ್ಜಿ 'ಬೊಂಬಾಯ್ ನೆಂಟ್ರು' ಎಂದೇ ಕರೆಯುತ್ತಿದ್ದಳು. ದೀಪಾವಳಿ ಕಳೆದು ಬೆಳಗಿನ ಚಳಿ ಬಿದ್ದಾಗ ಅವು ಬರುತ್ತಿದ್ದವು. ಸೂಜಿಯಂಥ ಬಾಲದವು, ಕಣ್ಣಿನ ಮೇಲೆ ಬಿಳಿ ಹುಬ್ಬು ಬರೆದುಕೊಂಡವು, ಜೊತೆಗೆ ಊರಲ್ಲೇ ಇದ್ದು ಸಿಳ್ಳೆ ಹಾಕುವ ಕಂದು ಬಾತುಗಳು. ಹಿಮಾಲಯದ ಆಚೆಯಿಂದ ಬರುತ್ತವೆಂದು ಶಾಲೆಯಲ್ಲಿ ಕೇಳಿದ ದಿನ ನಾನು ನಿದ್ದೆಗೆಟ್ಟೆ. ಅಷ್ಟು ದೂರದಿಂದ ಬರುವಾಗ ದಾರಿ ತಪ್ಪಿದರೆ ಯಾರನ್ನು ಕೇಳುವುದು?

ಆ ವರ್ಷ ಮಳೆ ಬಿಟ್ಟ ಮೇಲೆ ಗ್ರಾಮಸಭೆಯಲ್ಲಿ ಒಂದು ಮಾತು ಎದ್ದಿತು. ಮದಗವನ್ನು ಮೀನು ಸಾಕುವ ಗುತ್ತಿಗೆದಾರನೊಬ್ಬನಿಗೆ ಕೊಡುವುದಂತೆ. ಆತ ಸುತ್ತ ಬೇಲಿ ಹಾಕುತ್ತಾನಂತೆ, ಮೀನು ಹಕ್ಕಿಯ ಪಾಲಾಗದ ಹಾಗೆ ನೀರಿನ ಮೇಲೆ ಬಲೆ ಕಟ್ಟುತ್ತಾನಂತೆ, ಗದ್ದೆಗೆ ಪಂಪು ಇಡುವುದು ಅವನ ಅಪ್ಪಣೆಯ ಮೇಲೆ. ಬಂದಿದ್ದ ಅಧಿಕಾರಿ ಸಾಹೇಬರು "ಯಾರದಾದರೂ ತಕರಾರು ಇದೆಯೇ" ಎಂದು ಕೇಳಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಬೆಂಚಿನಿಂದ ಅಬ್ಬಿ ಎದ್ದು ನಿಂತಳು. ಸಭೆಯಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ನಮ್ ಮದಗಕ್ಕೆ ದೂರದ್ ದೇಶದ್ ಹಕ್ಕಿ ಬತ್ತೊ. ಮ್ಯಾಲ್ ಬಲೆ ಕಟ್ರೆ ಅವ್ ಎಲ್ ಹೋಯ್ಕ್? ಬೇಲಿ ಹಾಕ್ರೆ ನಾವ್ ಎಲ್ ಹೋಯ್ಕ್?"

ಅಧಿಕಾರಿಗಳು ಘಟ್ಟದ ಮೇಲಿನವರು, ಒಳ್ಳೆಯವರೇ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ಆಯ್ತಮ್ಮ. ಚಳಿಗಾಲದಲ್ಲಿ ನಾನೇ ಬಂದು ನೋಡ್ತೀನಿ. ನೀವು ಹೇಳ್ದಂಗೆ ಹಕ್ಕಿ ಇದ್ರೆ ಗುತ್ತಿಗೆ ಇಲ್ಲ. ಇಲ್ದಿದ್ರೆ ಆಮೇಲೆ ನನ್ನ ಬೈಬೇಡಿ."

ಮನೆಗೆ ಬರುವ ದಾರಿಯಲ್ಲಿ ಅಪ್ಪಯ್ಯ ಹೆಮ್ಮೆಯಿಂದ, "ಎಂತಾ ಧೈರ್ಯ ಮರಾಯ್ತಿ ನಿಂದ್! ಅಷ್ಟೊತ್ತ್ ನಿಂತೇ ಇದ್ದೆ," ಎಂದರು.

"ಧೈರ್ಯ ಅಲ್ಲ. ಕಾಲ್ ನಡ್ಗ್ತಿತ್ತ್, ಕೂಕಂಬುಕೇ ಆಯ್ಲಿಲ್ಲೆ," ಎಂದಳು ಅಬ್ಬಿ.

ಇಷ್ಟರವರೆಗೆ ಎಲ್ಲ ಸರಿಯಾಗಿತ್ತು. ಆದರೆ ಸಾಹೇಬರು ಬರುತ್ತಾರೆ ಎಂಬ ಮಾತು ಅಬ್ಬಿಯ ಕಿವಿಗೆ ಬಿದ್ದದ್ದು ನೆಂಟರು ಬರುತ್ತಾರೆ ಎಂದು. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಮದಗವನ್ನು ನೋಡಿ ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ದಂಡೆಯುದ್ದಕ್ಕೂ ಆಳೆತ್ತರದ ಜೊಂಡು, ನಡುವೆ ನೈದಿಲೆಯ ಎಲೆ ಒಂದರ ಮೇಲೊಂದು, ಬದಿಯಲ್ಲಿ ಪಾಚಿ, ಬಿದ್ದು ಕೊಳೆಯುತ್ತಿದ್ದ ತೆಂಗಿನ ಗರಿ. "ಸಾಹೇಬ್ರ್ ಬಪ್ಪತಿಗೆ ಇದ್ ಹೀಂಗ್ ಇಪ್ಪುದಾ? ಊರಿನ್ ಮರ್ಯಾದಿ ಎಂತ ಆಯ್ಕ್?" ಎಂದು ಮನೆಮನೆಗೆ ಹೋಗಿ ಕೇಳಿದಳು. ಯಾರಿಗೂ ತಪ್ಪೆನಿಸಲಿಲ್ಲ. ನಮ್ಮೂರಲ್ಲಿ ಬಾಗಿಲಿಗೆ ಜನ ಬರುತ್ತಾರೆಂದರೆ ಅಂಗಳ ಸಾರಿಸುತ್ತಾರೆ. ಮದಗ ಸ್ವಲ್ಪ ದೊಡ್ಡ ಅಂಗಳ, ಅಷ್ಟೆ. ಗಂಡಸರು ಸೊಂಟದವರೆಗೆ ನೀರಿಗಿಳಿದು ಜೊಂಡನ್ನು ಬೇರುಸಹಿತ ಕಿತ್ತರು. ಹೆಂಗಸರು ದಡಕ್ಕೆ ಎಳೆದರು. ಮಕ್ಕಳು ನೈದಿಲೆಯ ಬಳ್ಳಿ ಎಳೆಯುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಅಬ್ಬಿ ದೊಡ್ಡ ಚರಿಗೆಯಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿ, ಒಣ ಸಿಗಡಿ ಚಟ್ನಿ ಅರೆದು ಎಲ್ಲರಿಗೂ ಬಡಿಸಿದಳು. ಜಾತ್ರೆಯ ಹಾಗೆ ನಗು. ಕಿತ್ತ ಕಸವನ್ನೆಲ್ಲ ನೆರೆಮನೆಯ ಸಂಜೀವಣ್ಣ ತಮ್ಮ ತೆಂಗಿನ ಬುಡಗಳಿಗೆಂದು ಕೈಗಾಡಿಯಲ್ಲಿ ಸಾಗಿಸಿದರು. ಬಿಟ್ಟದ್ದು ಒಂದೇ ಮೂಲೆ, ನಾಗಬನದ ಬದಿ. ಅಲ್ಲಿ ಕತ್ತಿ ಆಡಿಸುವ ಹಾಗಿಲ್ಲ. ಅಬ್ಬಿ ಒಂದು ಕ್ಷಣ ಆ ಕಡೆ ಆಸೆಯಿಂದ ನೋಡಿದ್ದು ನಿಜ. ದಂಡೆಯ ಮೇಲಿಂದ ಅಜ್ಜಿ, "ನಾಗನ್ ತಂಟಿಗ್ ಹೋಪುದ್ ಬ್ಯಾಡ!" ಎಂದು ಕೂಗಿದ್ದರಿಂದ ಸುಮ್ಮನಾದಳು.

ಕೆಲಸ ಮುಗಿದಾಗ ಮದಗ ಬೆಳಗಿದ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿತ್ತು. ಅಬ್ಬಿ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು.

"ಈಗ ಕಾಂಬುಕೆ ಚಂದ."

"ಬೋಳ್ ತಲೆ ಕಂಡಾಂಗಿತ್ತ್," ಎಂದಳು ಅಜ್ಜಿ.

ದೀಪಾವಳಿ ಕಳೆಯಿತು. ಚಳಿಯೂ ಬಂತು. ಒಂದು ಬೆಳಿಗ್ಗೆ ಆಕಾಶದಲ್ಲಿ ಗೆರೆ ಎಳೆದ ಹಾಗೆ ಬಾತುಗಳ ಸಾಲು ಕಂಡಿತು. ನಾವೆಲ್ಲ ಹಿತ್ತಿಲಿಗೆ ಓಡಿದೆವು. ಸಾಲು ಇಳಿಯಿತು, ಮದಗದ ಮೇಲೆ ಒಂದು ಸುತ್ತು ಹಾಕಿತು, ಮತ್ತೊಂದು ಸುತ್ತು ಹಾಕಿತು, ಆಮೇಲೆ ವಿಳಾಸ ತಪ್ಪಿದವರಂತೆ ಮೇಲೆದ್ದು ಹೊಳೆಯ ಕಡೆ ಹೊರಟುಹೋಯಿತು. ಮಾರನೆಯ ದಿನವೂ ಅದೇ ಕಥೆ. ಸಾಹೇಬರು ಬಂದು ಖಾಲಿ ನೀರು ನೋಡಿ, ಬೇಲಿ ಬಂದು, ಬಾವಿ ಬತ್ತಿ, ಎಲ್ಲರೂ ಅಬ್ಬಿಯತ್ತ ಬೆರಳು ತೋರಿಸಿ... ಅಲ್ಲಿಂದ ಮುಂದೆ ನಾವು ಊರು ಬಿಟ್ಟು ಮುಂಬಯಿಯ ಯಾವುದೋ ಹೋಟೆಲಿನಲ್ಲಿ ಲೋಟ ತೊಳೆಯುವವರೆಗೆ ನನ್ನ ಚಿಂತೆ ಹರಿದಿತ್ತು. ಅಬ್ಬಿ ಸಾರಿಗೆ ಉಪ್ಪು ಹಾಕಲು ಮರೆಯುತ್ತಿದ್ದಳು. ಅದಕ್ಕಿಂತ ದೊಡ್ಡ ಸೂಚನೆಯೆಂದರೆ, ಅಂಗಳದಲ್ಲಿ ಮಾವಿನೆಲೆ ಬಿದ್ದಲ್ಲೇ ಇತ್ತು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅಪ್ಪಯ್ಯ ಹಿತ್ತಿಲಿನಿಂದ ಕರೆದರು.

"ಗುಲಾಬಿ, ಇಲ್ ಬಾ. ನಾಗಬನದ್ ಬದಿ ಕಾಣ್."

ನೋಡಿದರೆ, ಇಡೀ ಬೋಳು ಮದಗದಲ್ಲಿ ಆ ಒಂದು ಮೂಲೆಯ ಜೊಂಡಿನೊಳಗೆ ನಾಲ್ಕಾರು ಬಾತುಗಳು ಒತ್ತೊತ್ತಾಗಿ ಕೂತಿದ್ದವು, ಕೊನೆಯ ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ.

ಅಬ್ಬಿಯ ಕೈಯಲ್ಲಿ ಅಂಗಳ ಗುಡಿಸುವ ಹಿಡಿಸೂಡಿ ಇತ್ತು. ಅವಳು ಅದನ್ನು ಮೆಲ್ಲನೆ ಗೋಡೆಗೆ ಒರಗಿಸಿದಳು.

"ಅಂದ್ರೆ ಅವ್ಕೆ ಗಲೀಜೇ ಬೇಕಾ?"

"ಗಲೀಜಲ್ಲ ಮರಾಯ್ತಿ, ಅವುಗಳ್ ಮನಿ ಸಾಮಾನ್ ಅದ್. ನಾವ್ ಅವುಗಳ್ ಮಂಚ, ಚಾಪಿ, ಅಡ್ಗಿ ಪಾತ್ರಿ ಎಲ್ಲ ಹೊರ್ಗ್ ಹಾಕಿ, ಬನ್ನಿ ಕೂಕಣಿ ಅಂದ್ರೆ ಹ್ಯಾಂಗೆ?"

"ನಾ ಅವತ್ತೇ ಹೇಳಿದೆ," ಎಂದು ಒಳಗಿನಿಂದ ಅಜ್ಜಿಯ ದನಿ ಬಂತು. ಅಜ್ಜಿಗೆ ಹಕ್ಕಿಯ ವಿಷಯ ಏನೇನೂ ಗೊತ್ತಿರಲಿಲ್ಲ. ಅಬ್ಬಿ ಜೊಂಡು ನೆಡುತ್ತೇನೆಂದು ಹೊರಟಿದ್ದರೆ ಅವಳು ಕೀಳಿಸಬೇಕೆನ್ನುತ್ತಿದ್ದಳು. ಆದರೆ ದಿನವೂ ವಿರೋಧ ಮಾಡುವವರಿಗೆ ಇದೊಂದು ಲಾಭವಿದೆ, ಯಾವುದಾದರೊಂದು ದಿನ ಅವರ ಮಾತೇ ಸರಿಯಾಗಿಬಿಡುತ್ತದೆ.

ಅಬ್ಬಿ ಅಂದೇ ಸಂಜೀವಣ್ಣನ ಮನೆಗೆ ಹೊರಟಳು. ಧೈರ್ಯಕ್ಕೆ ಅಪ್ಪಯ್ಯನನ್ನೂ, ಚಿಂತೆಗೆ ನನ್ನನ್ನೂ ಕರೆದುಕೊಂಡಳು. ಸಂಜೀವಣ್ಣ ತೆಂಗಿನ ಬುಡದಲ್ಲಿ ನಿಂತು ಕೊಡದಲ್ಲಿ ನೀರು ಹೊಯ್ಯುತ್ತಿದ್ದರು.

"ಹ್ವಾಯ್ ಸಂಜೀವಣ್ಣ, ಆ ಜೊಂಡ್ ಒಂಚೂರ್ ವಾಪಸ್ ಬೇಕಿತ್ತಲೆ."

"ಎಂತ? ಕೊಟ್ ಕಸ ವಾಪಸ್ ಕೇಂಬೋರನ್ನ ನಾ ಇವತ್ತೇ ಕಂಡದ್ ಗುಲಾಬಕ್ಕ. ಅದೆಲ್ಲ ಬುಡಕ್ ಹಾಕಿ ಆಯ್ತಲೆ!"

"ಮ್ಯಾಲಿಂದ್ ಹಸಿ ಇತ್ತಲ್ದಾ, ಅದನ್ನಾರೂ ಕೊಡಿ."

"ತೆಂಗಿನ್ ಮರಕ್ ಎಂತ ಹೇಳುದ್ ನಾನ್? ಊಟಕ್ ಕೂರ್ಸಿ ಎಲೆ ಎಳ್ದಾಂಗ್ ಆತಿಲ್ಯಾ?"

ಆಗ ಅಪ್ಪಯ್ಯ ಗಂಟಲು ಸರಿಮಾಡಿಕೊಂಡರು. ಸಂಜೀವಣ್ಣನ ಪಂಪು ಮಳೆಗಾಲದಿಂದಲೂ ನಮ್ಮ ಜಗಲಿಯಲ್ಲಿ ಮಲಗಿತ್ತು. ನಾನು ಅದರ ಮೇಲೆ ಕೂತೇ ಮಗ್ಗಿ ಬಾಯಿಪಾಠ ಮಾಡಿದ್ದೆ. "ನಿಮ್ ಪಂಪ್ ನಾಳೆ ಸಂಜಿಗ್ ರೆಡಿ ಆತ್," ಎಂದರು ಅಪ್ಪಯ್ಯ, ಮರದ ತುದಿಯನ್ನು ನೋಡುತ್ತ. ಸಂಜೀವಣ್ಣನೂ ಅದೇ ಮರದ ತುದಿಯನ್ನು ನೋಡಿದರು.

"ನಾಳೆ ಬ್ಯಾಡ, ಇವತ್ತ್ ಮಾಡಿ. ಜೊಂಡ್ ಈಗ್ಳೇ ತಕಂಡ್ ಹೋಯ್ನಿ."

ಹೀಗೆ, ಊರೆಲ್ಲ ಸೇರಿ ಹೊರಹಾಕಿದ ಕಸವನ್ನು ಊರೆಲ್ಲ ಸೇರಿ ವಾಪಸ್ ಹೊತ್ತೆವು. ಕೆಸರು ಮೆತ್ತಿಕೊಂಡಿದ್ದ ಜೊಂಡಿನ ಬುಡಗಳು ಅಲ್ಲೇ ಚಿಗುರಿದ್ದವು. ಅವನ್ನು ದಂಡೆಯ ಬದಿಯ ಕೆಸರಿಗೆ ಊರಿದೆವು. ನೈದಿಲೆಯ ಗೆಡ್ಡೆಗಳಿಗೆ ತೆಂಗಿನ ಹಗ್ಗದಲ್ಲಿ ಕಲ್ಲು ಕಟ್ಟಿ ಮುಳುಗಿಸಿದೆವು. ಆದರೂ ನಡುನೀರು ಬೋಳಾಗಿಯೇ ಕಂಡಾಗ ಅಪ್ಪಯ್ಯ ಬಾಳೆದಿಂಡು ಕಡಿಸಿ, ಮಳೆಗಾಲದಲ್ಲಿ ಮಕ್ಕಳು ಆಟಕ್ಕೆ ಕಟ್ಟುವಂಥ ತೆಪ್ಪಗಳನ್ನು ಕಟ್ಟಿಸಿದರು. ಅದರ ಮೇಲೆ ಕೆಸರು, ಕೆಸರಿನ ಮೇಲೆ ಜೊಂಡು, ಅಡಿಗೆ ಲಂಗರಿನ ಹಾಗೆ ಅಪ್ಪಯ್ಯನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ ಪಂಪುಗಳ ಕಬ್ಬಿಣ. ಅಬ್ಬಿ ಅಲ್ಲಿಯೂ ಜೊಂಡನ್ನು ಒಂದೇ ಅಳತೆಗೆ, ಸಾಲುಸಾಲಾಗಿ ನೆಡುತ್ತಿದ್ದಳು. "ಸಾಲ್ ಬ್ಯಾಡ ಮರಾಯ್ತಿ, ಗಲೀಜ್ ಮಾಡ್, ಗಲೀಜ್ ಮಾಡ್!" ಎಂದು ಅಪ್ಪಯ್ಯ ಹಿಂದಿನಿಂದ ಬಂದು ಕೆಡಿಸುತ್ತಿದ್ದರು. ಅವರ ಸಂಸಾರದಲ್ಲಿ ಆ ಮಾತು ಹೇಳುವ ಅವಕಾಶ ಅದೊಂದೇ ಸಲ ಸಿಕ್ಕಿದ್ದು. ಎಷ್ಟು ಖುಷಿಯಿಂದ ಹೇಳಿದರೆಂದರೆ ಅಜ್ಜಿ ಕೂಡ ನಕ್ಕಳು. ದಾರಿಹೋಕರು ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು:

"ಎಂತ ಮರಾಯ್ರೆ, ಮೊನ್ನೆ ತೆಗ್ದದನ್ನ ಇವತ್ ಹಾಕ್ತ್ರಿ?"

"ತೊಳ್ದ್ ವಾಪಸ್ ಇಡುದ್!" ಎಂದಳು ಅಬ್ಬಿ, ತಲೆ ಎತ್ತದೆ.

ಆಮೇಲೆ ಕಾದೆವು. ಮದಗದ ದಂಡೆಯಲ್ಲಿ ಬಟ್ಟೆ ಒಗೆಯುವವರು ಕಲ್ಲಿಗೆ ಬಡಿಯದೆ ಕೈಯಲ್ಲಿ ತಿಕ್ಕಿದರು. ಅಬ್ಬಿ ಅಡುಗೆಮನೆಯ ಕಿಟಕಿಯನ್ನು ಸ್ವಲ್ಪವೇ ತೆರೆದು, ಪಾತ್ರೆಯ ಸದ್ದಾಗದಂತೆ ಒಗ್ಗರಣೆ ಹಾಕುತ್ತಿದ್ದಳು. ಒಗ್ಗರಣೆಗೆ ಸದ್ದಿಲ್ಲದಂತೆ ಮಾಡುವುದು ಸಾಧ್ಯವಿಲ್ಲವಾದ್ದರಿಂದ ಕೆಲವು ದಿನ ಒಗ್ಗರಣೆಯೇ ಇಲ್ಲದ ಸಾರು ಉಂಡೆವು. ನಾಲ್ಕನೆಯದೋ ಐದನೆಯದೋ ಬೆಳಿಗ್ಗೆ ಮಂಜು ಕರಗುವಾಗ ನೀರಿನ ಮೇಲಿಂದ ಒಂದು ಗುಜುಗುಜು ಕೇಳಿಸಿತು, ಮದುವೆಮನೆಯ ಹಿಂದಿನ ಕೋಣೆಯಿಂದ ಬರುವಂಥದ್ದು. ಅಬ್ಬಿ ನನ್ನನ್ನು ಎಬ್ಬಿಸಲಿಲ್ಲ, ಎತ್ತಿಕೊಂಡೇ ಕಿಟಕಿಗೆ ಒಯ್ದಳು. ಆರನೇ ಕ್ಲಾಸಿನ, ಅವಳ ಭುಜದವರೆಗೆ ಬೆಳೆದ ಹುಡುಗಿಯನ್ನು. ತೆಪ್ಪಗಳ ಮೇಲೆ, ಜೊಂಡಿನ ಸಂದಿಯಲ್ಲಿ, ನಡುನೀರಿನಲ್ಲಿ, ಎಲ್ಲಿ ನೋಡಿದರೂ ಬಾತು. ಅಬ್ಬಿ ಅಳುತ್ತಿದ್ದಳೋ ಹೊಗೆಯಿಂದ ಕಣ್ಣು ತುಂಬಿತ್ತೋ ನಾನ್ಯಾಕೆ ಹೇಳಲಿ.

ಸಾಹೇಬರು ಬಂದ ದಿನ ಜೀಪು ಹೂತುಹೋಗಲಿಲ್ಲ. ಅವರು ಜಾರಲಿಲ್ಲ. ಎಮ್ಮೆಗಳನ್ನು ಸಂಜೀವಣ್ಣ ಕೊಟ್ಟಿಗೆಯಲ್ಲಿ ಕಟ್ಟಿ, ಎದುರು ತಾನೇ ಕಾವಲು ಕೂತಿದ್ದರು. ದಂಡೆಯ ಮೇಲೆ ಊರಿಗೆ ಊರೇ ಉಸಿರು ಬಿಗಿಹಿಡಿದು ನಿಂತಿತ್ತು. ಕೆಮ್ಮು ಬಂದವರನ್ನು ಹಿಂದಕ್ಕೆ ಕಳಿಸುತ್ತಿದ್ದರು. ಸಾಹೇಬರು ದುರ್ಬೀನನ್ನು ಕಣ್ಣಿಗಿಟ್ಟು ತುಟಿಯಲ್ಲೇ ಎಣಿಸಲು ಹೊರಟು, ಸ್ವಲ್ಪ ಹೊತ್ತಿಗೆ ಬಿಟ್ಟುಬಿಟ್ಟರು. ಕೊನೆಗೆ ಅಬ್ಬಿಯ ಕಡೆ ತಿರುಗಿದರು.

"ಇದನ್ನ ಯಾರಿಗೂ ಕೊಡೋ ಹಾಗಿಲ್ಲ ಅಂತ ಬರೀತೀನಮ್ಮ. ಒಂದು ಕಡ್ಡಿನೂ ಅಲುಗಿಸ್ದೆ ಹೀಗೆ ಕಾಡು ಬಿಟ್ಟು ಉಳಿಸ್ಕೊಂಡಿದ್ದೀರಲ್ಲ, ಅದು ದೊಡ್ಡದು. ಯಾರ ಬುದ್ಧಿ ಇದು?"

"ನಂದೇ ಸ್ವಾಮಿ," ಎಂದಳು ಅಜ್ಜಿ. "ಈ ಹೆಣ್ಣ್‌ಮಕ್ಳಿಗೆ ಗುಡ್ಸುದೊಂದೇ ಗೊತ್ತ್. ಮದಗ ಮುಟ್ಬೇಡಿ ಅಂದೇಳಿ ನಾನೇ ತಡ್ದದ್."

ಇಡೀ ಊರು ಅಬ್ಬಿಯ ಮುಖ ನೋಡಿತು. ಅಬ್ಬಿಯ ಬಾಯಿ ತೆರೆಯಿತು, ಅವಳು ಒಮ್ಮೆ ಮದಗವನ್ನು ನೋಡಿದಳು, ಬಾಯಿ ಮುಚ್ಚಿತು. ಜಗಲಿಯ ಕಬ್ಬಿಣವನ್ನೆಲ್ಲ ಆಚೆ ಸರಿಸಿ ಊಟಕ್ಕೆ ಹಾಕಿದ್ದೆವು. ಸಾಹೇಬರು ಬಂಗುಡೆಯನ್ನೂ ಉಂಡರು, ಕುಂಬಳಕಾಯಿಯನ್ನೂ ಎರಡು ಸಲ ಹಾಕಿಸಿಕೊಂಡರು. ಅವರಿಗೆ ಮೀನಿನ ನಡುತುಂಡು ಬಿತ್ತು. ಅಜ್ಜಿಯ ಬಟ್ಟಲಿಗೆ ಬರೀ ತಲೆ.

"ಇದೆಂತ ಹೆಣೆ, ತಲಿ ಒಂದೇ?"

"ತಲೆ ಓಡ್ಸಿದ್ ನೀವಲ್ದಾ, ಅತ್ತೆ."

ಗುತ್ತಿಗೆಯ ಮಾತು ಮತ್ತೆ ಏಳಲಿಲ್ಲ. ಮದಗ ಹಾಗೇ ಇದೆ; ದಂಡೆಗೊಂದು ಬೋರ್ಡು ಬಂದಿದೆ, ರಜೆಯ ದಿನ ಕ್ಯಾಮೆರಾ ಹಿಡಿದವರೂ ಬರುತ್ತಾರೆ, ವರ್ಷಕ್ಕೊಮ್ಮೆ ಜೊಂಡು ಕೀಳುವಾಗ ಅರ್ಧವನ್ನು ಬಿಟ್ಟೇ ಕೀಳುತ್ತಾರೆ. ಆ ದಿನದಿಂದ ನನ್ನಲ್ಲಿ ಒಂದು ನಂಬಿಕೆ ಬೇರೂರಿತು: ಅಜ್ಜಿಯ ಬಾಯೊಂದನ್ನು ಬಿಟ್ಟರೆ, ನಾನು ಮುಂಚಿತವಾಗಿ ಚಿಂತಿಸಿದ್ದು ಯಾವುದೂ ಆಗುವುದಿಲ್ಲ. ಆದ್ದರಿಂದ ಮನೆಯವರ ಕ್ಷೇಮಕ್ಕಾಗಿ ಎಲ್ಲವನ್ನೂ ಒಮ್ಮೆ ಚಿಂತಿಸಿಬಿಡುವುದು ನನ್ನ ಕರ್ತವ್ಯ. ಗಂಡನಿಗೆ ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅರ್ಥವಾಗಿಲ್ಲ.

ಒಂದೇ ಒಂದು ಸಂಗತಿ ನನ್ನ ಕಣ್ಣು ತಪ್ಪಿಸಿತ್ತು. ಹಕ್ಕಿ ಬಂದರೆ ಅದಕ್ಕೆ ಹಸಿವೂ ಆಗುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಸಾಹೇಬರು ಹೋದ ಮಾರನೆಯ ಬೆಳಿಗ್ಗೆ ದಂಡೆಯ ಕೆಳಗಿನ ನಮ್ಮ ಗದ್ದೆಯಲ್ಲಿ, ಸುಗ್ಗಿಗೆಂದು ಅಬ್ಬಿ ಬಿತ್ತಿದ್ದ ಭತ್ತದ ಸಸಿಮಡಿ ಇರಬೇಕಾದಲ್ಲಿ ಬರೀ ಕೆಸರು ಇತ್ತು, ಕೆಸರಿನ ತುಂಬ ಬಾತುಗಳ ಹೆಜ್ಜೆ. ಊರಲ್ಲಿ ಬೇರೆ ಯಾರದನ್ನೂ ಅವು ಮುಟ್ಟಿರಲಿಲ್ಲ. ಎಲ್ಲರ ಮನೆಯಲ್ಲೂ ಸಸಿ ಒಂದಿಷ್ಟು ಹೆಚ್ಚೇ ಇತ್ತು, ಎರಡೆರಡು ಕಟ್ಟು ಕೊಡುತ್ತೇವೆಂದು ಸಂಜೀವಣ್ಣ ಆಗಲೇ ಬೇಲಿಯಾಚೆಯಿಂದ ಸಮಾಧಾನ ಹೇಳುತ್ತಿದ್ದರು. ಹಾಗಾಗಿ ನಷ್ಟವೇನೂ ದೊಡ್ಡದಲ್ಲ. ಕಡೆಯ ನಾಲ್ಕು ಬಾತುಗಳು ಇನ್ನೂ ಅಲ್ಲೇ ತಲೆ ಬಗ್ಗಿಸಿ ಮೇಯುತ್ತಿದ್ದವು. ಅಬ್ಬಿ ಹಿಡಿಸೂಡಿ ಎತ್ತಿಕೊಂಡು, ಸೀರೆ ಮೇಲೆ ಕಟ್ಟಿ, ಗದ್ದೆಯಂಚಿಗೆ ಓಡಿದಳು. ಅಲ್ಲಿ ಹೋದ ಮೇಲೆ ಅವಳ ಕೈ ಮೇಲೇಳಲಿಲ್ಲ. ಎಷ್ಟೆಂದರೂ ಕರೆಸಿಕೊಂಡವಳು ಅವಳೇ. ಹಿಡಿಸೂಡಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, ಗ್ರಾಮಸಭೆಯಲ್ಲಿ ಮಾತಾಡಿದ ಅದೇ ದನಿಯಲ್ಲಿ ಕೂಗಿದಳು:

"ಹ್ವಾಯ್! ಮದಗ ನಿಮ್ಗೇ ಬಿಟ್ ಕೊಟ್ ಆಯ್ತಲ್ದಾ? ಗದ್ದಿ ಆದ್ರೂ ನಮ್ಗ್ ಬಿಡಿ ಮರಾಯ್ರೆ!"